ತಿಪ್ಪೆಯ ಜ್ವರ

"ನೋಡ್ರಪ್ಪಾ ನೋಡ್ರಿ! ಒಂಬತ್ತನೇ ಕ್ಲಾಸು ದಾಟಕ್ಕಾಗ್ದೆ ಓಡ್ಬಂದ ನನ್ಮಗ, ಈಗ ತಿಪ್ಪೆಗೆ ಡಾಕ್ಟ್ರಾಗವ್ನೆ. ಸಗಣಿಗೆ ಜ್ವರ ಬಂದೈತಾ ಅಂತ ನೋಡ್ತಾವ್ನೆ!"

ನಲ್ಲಪ್ಪ ಇದನ್ನು ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ಒಂದು ಕೈಯಲ್ಲಿ ಹಾಲಿನ ಅಳತೆ ಲೋಟ ಹಿಡಿದು, ಇನ್ನೊಂದು ಕೈಯನ್ನು ಅಂಗಳದ ಮೂಲೆಯ ಕಡೆ ಚಾಚಿ, ಹಾಲಿಗೆ ಬಂದವರೆಲ್ಲರಿಗೂ ಕೇಳಿಸುವ ಹಾಗೆ ಹೇಳಿದ. ಮೂಲೆಯಲ್ಲಿ ಅವನ ಸೋದರಳಿಯ ಮುನಿಕೃಷ್ಣ, ಆಗತಾನೇ ಸಗಣಿ ಗುಡ್ಡೆಯೊಳಗಿಂದ ಎಳೆದ ಕಬ್ಬಿಣದ ಸರಳನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಂತಿದ್ದ. ಕಣ್ಣು ಮುಚ್ಚಿದ್ದೇ ತಪ್ಪಾಯಿತು ಎಂದು ಅವನಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು. ತೆರೆದಿದ್ದರೆ ಸರಳನ್ನು ಅತ್ತ ಎಸೆದು, ಏನೋ ಬಿದ್ದದ್ದನ್ನು ಹುಡುಕುವವನಂತೆ ಬಗ್ಗಬಹುದಿತ್ತು. ಮುಚ್ಚಿದ ಕಣ್ಣು ಬಿಟ್ಟಾಗ ಎದುರಿಗೆ ಅಷ್ಟೂ ಮುಖಗಳು ಸಾಲಾಗಿ ಅವನ ಕಡೆ ತಿರುಗಿದ್ದವು. ಸ್ಟೀಲು ಕ್ಯಾನುಗಳು, ಪ್ಲಾಸ್ಟಿಕ್ ಬಾಟಲಿಗಳು, ಒಂದು ಕೈಯ ಮೊಬೈಲು, ಎಲ್ಲವೂ ಅವನನ್ನೇ ನೋಡುತ್ತಿದ್ದವು. "ಏನಪ್ಪಾ ಮುನೀ, ಡೆಂಗ್ಯೂನಾ, ಮಾಮೂಲಿ ಜ್ವರಾನಾ?" ಎಂದಳು ಹಿಂದಿನ ಬೀದಿಯ ಮುದುಕಿ ಪಿಳ್ಳಮ್ಮ. ಎಲ್ಲರೂ ನಕ್ಕರು. ರಸ್ತೆಯಾಚೆಯ ಅಪಾರ್ಟ್‌ಮೆಂಟಿನ ಪ್ರಿಯಾಂಕಾ ಬಾಯಿಗೆ ದುಪಟ್ಟಾ ಅಡ್ಡ ಹಿಡಿದುಕೊಂಡಳು. ನಕ್ಕಳೋ, ಕೆಮ್ಮಿದಳೋ, ವಾಸನೆ ತಡೆಯಲಾಗದೆ ಹಾಗೆ ಮಾಡಿದಳೋ ತಿಳಿಯಲಿಲ್ಲ. ತಿಳಿಯದೇ ಇದ್ದದ್ದೇ ಅವನನ್ನು ಆ ಬೆಳಿಗ್ಗೆಯಿಡೀ ಸುಟ್ಟಿತು. ನಕ್ಕಿದ್ದರೆ ನಕ್ಕಳು ಅಂತ ಇಟ್ಟುಕೊಳ್ಳಬಹುದಿತ್ತು, ಬೈದುಕೊಳ್ಳಬಹುದಿತ್ತು. ದುಪಟ್ಟಾದ ಹಿಂದೆ ಏನಿತ್ತು ಎಂದು ಗೊತ್ತಿಲ್ಲದವನು ಯಾರನ್ನು ಬೈಯಬೇಕು?

ಗುಡ್ಡೆ ಸರಿಯಾಗಿ ಕೊಳೆತು ಗೊಬ್ಬರವಾಗುತ್ತಿದ್ದರೆ ಒಳಗಿನ ಕಾವಿಗೆ ಸರಳು ಬಿಸಿಯಾಗಿ ಬರಬೇಕಿತ್ತು. ಸರಳು ತಣ್ಣಗಿತ್ತು. ಅದೇ ನಿಜವಾದ ಅವಮಾನ. ಮಾವನ ಮಾತಿಗೆ ಅವನ ಹತ್ತಿರ ಇದ್ದ ಒಂದೇ ಉತ್ತರ ಸರಳಿನ ತುದಿಯಲ್ಲಿ ಇರಬೇಕಾಗಿತ್ತು, ಅದು ಬಾವಿಯೊಳಗಿಂದ ಎತ್ತಿದ ಕೊಡದ ಹಾಗೆ ತಣ್ಣಗೆ, ಒದ್ದೆಯಾಗಿ, ಹುಳಿ ನಾತ ಹೊಡೆಯುತ್ತ ಬಂದಿತ್ತು. ಅಂಗಳದ ಮೂಲೆಯಲ್ಲಿ ಎರಡು ಗುಡ್ಡೆಗಳು, ಯಾವನೋ ಪುಢಾರಿಯ ಹುಟ್ಟುಹಬ್ಬದ ಹಳೇ ಫ್ಲೆಕ್ಸು ಹೊದ್ದು ಅಕ್ಕಪಕ್ಕ ಮಲಗಿದ್ದವು. ಎಡಗಡೆಯದು ಬರೀ ಸಗಣಿ, ಹುಲ್ಲು, ಮಾರ್ಕೆಟ್ಟಿನ ಕೋಸಿನೆಲೆ. ಬಲಗಡೆಯದರಲ್ಲಿ ಅದೇ ಸಗಣಿ, ಅದೇ ಹುಲ್ಲು, ಅದೇ ಎಲೆ, ಜೊತೆಗೆ ಅವನು ಡ್ರಮ್ಮಿನಲ್ಲಿ ಮುಚ್ಚಳ ಮುಚ್ಚಿ ಸುಟ್ಟ ಕರಟದ ಇದ್ದಿಲು. ಮೆಟ್ರೋ ಸ್ಟೇಷನ್ನಿನ ಕೆಳಗಿನ ಎಳನೀರು ಗಾಡಿಗಳಿಂದ ಬುರುಡೆ, ಛತ್ರದ ಅಡುಗೆಮನೆಯಿಂದ ಕರಟ, ಚೀಲಗಟ್ಟಲೆ ಹೊತ್ತು ತಂದು ಸುಟ್ಟಿದ್ದ. ಬೀದಿಯವರೆಲ್ಲ ಹೊಗೆ ಹೊಗೆ ಎಂದು ಬಾಯಿ ಮಾಡಿದ್ದರು. ಆರಿಸಿದ ಇದ್ದಿಲನ್ನು ಗೋಣಿಯಲ್ಲಿ ಕಟ್ಟಿ ಕಾಲಲ್ಲಿ ತುಳಿದು ನುರಿಯುವಾಗ ಅದು ಮಾಡುವ ಸದ್ದು, ಗಾಜಿನ ಬಳೆ ಒಡೆದ ಹಾಗೆ ಚಿಟಚಿಟನೆ, ಅವನಿಗೆ ಎಷ್ಟು ಇಷ್ಟವಾಗಿತ್ತೆಂದರೆ ಪೂರ್ತಿ ಪುಡಿಯಾದ ಮೇಲೂ ಸುಮ್ಮನೆ ತುಳಿಯುತ್ತಲೇ ಇದ್ದ. ಒಂದೊಂದು ಚೂರಿನೊಳಗೂ ಸಾವಿರ ಸಾವಿರ ತೂತು, ಬೇಡದ್ದನ್ನೆಲ್ಲ ಹೀರಿ ತನ್ನೊಳಗೇ ಬೀಗ ಹಾಕಿಟ್ಟುಕೊಳ್ಳುತ್ತೆ ಎಂದು ಮೊಬೈಲಿನ ವಿಡಿಯೋದಲ್ಲಿ ಯಾರೋ ಹೇಳಿದ್ದ. ಬೇಡದ್ದನ್ನೆಲ್ಲ! ಅಂಥದೊಂದು ವಸ್ತು ಜಗತ್ತಿನಲ್ಲಿ ಇದೆ ಅನ್ನುವುದೇ ಅವನ ಮೈ ಜುಮ್ಮೆನ್ನಿಸಿತ್ತು.

"ಭಾನ್ವಾರ ನರಸಪ್ಪನ ಜೆಸಿಬಿ ಬರ್ತೈತೆ," ನಲ್ಲಪ್ಪ ಹಾಲು ಅಳೆಯುತ್ತಲೇ ಹೇಳುತ್ತಿದ್ದ, ಈಗ ಪ್ರಿಯಾಂಕಾಳಿಗೆ. "ಆ ಮೂಲೆ ಮಟ್ಟ ಮಾಡ್ಸಿ ಶೀಟಿನ್ ರೂಮ್ ಹಾಕುಸ್ತೀನಿ ಮೇಡಂ. ಒಡಿಶಾದೋರು ಬಂದು ಬಂದು ಕೇಳ್ತಾವ್ರೆ. ಸಗಣಿ ಗುಡ್ಡೆ ಬಾಡ್ಗೆ ಕೊಡ್ತದಾ?"

"ಅಂಕಲ್, ನಾವು ಭಾನುವಾರ ಬರ್ತೀವಿ ಅಂದಿದೀವಲ್ಲ. ನಮ್ ಟೆರೇಸ್ ಗಾರ್ಡನ್‌ನೋರು ನೋಡ್ಲಿ. ಚೆನ್ನಾಗಾಗಿದ್ರೆ ವರ್ಷಪೂರ್ತಿ ನಾವೇ ತಗೋತೀವಿ."

"ಬಿಸಿಯಾಗಿದ್ರೆ ಇರ್ಲಿ. ಇಲ್ದಿದ್ರೆ ಜೆಸಿಬಿ ಬಾಯಿಗೆ. ಮಾತು ಅಂದ್ರೆ ಮಾತು," ಎಂದ ನಲ್ಲಪ್ಪ. ತಿರುಗಿ ಜೋರಾಗಿ, "ಕೇಳುಸ್ತೇನ್ಲಾ ಡಾಕ್ಟ್ರೇ?" ಎಂದ.

ಇದ್ದಿಲಿನ ಮಾತು ಮೊದಲು ಆಡಿದ್ದು ಪ್ರಿಯಾಂಕಾಳೇ. ಹಿಂದಿನ ಸಲ ಕೊಂಡುಹೋದ ಗೊಬ್ಬರದಲ್ಲಿ ಅವಳ ಟೊಮೆಟೊ ಸಸಿಗಳು ಮುರುಟಿಕೊಂಡು ಸತ್ತಾಗ, ಜಗಳಕ್ಕೆ ಬಂದವಳು ಜಗಳವಾಡದೆ, ಕುಂಡದ ಮಣ್ಣನ್ನು ಅಂಗೈಯಲ್ಲಿ ಹಿಡಿದು ತೋರಿಸಿ, "ಹಸೂಗೆ ಕೊಡೋ ಔಷಧಿ ಸಗಣೀಲಿ ಹಾಗೇ ಉಳ್ಕೊಳತ್ತಂತೆ ಮುನಿ. ಸರಿಯಾಗಿ ಕೊಳೀದೇ ಇದ್ರೆ ನಮ್ ಸೊಪ್ಪಿಗೂ ಬರತ್ತೆ. ಬಯೋಚಾರ್ ಸೇರಿಸಿ ಕೊಳೆಸಿದ್ರೆ ಎಷ್ಟೋ ಕಮ್ಮಿ ಆಗತ್ತೆ ಅಂತ ಓದಿದೀನಿ. ಟ್ರೈ ಮಾಡ್ತೀರಾ?" ಎಂದಿದ್ದಳು. ಮಾಡ್ತೀರಾ. ಅವನಿಗೆ ಯಾರೂ ಹಾಗೆ ಕೇಳಿರಲಿಲ್ಲ. ಬಯೋಚಾರ್ ಎಂಬ ಶಬ್ದವನ್ನು ಬಾಯಲ್ಲಿ ತಿರುಗಿಸುತ್ತ ಮನೆಗೆ ಹೋಗಿ ತಾಯಿಗೆ ಹೇಳಿದರೆ ಸೊಣ್ಣಮ್ಮ, "ಇದ್ಲು ಅನ್ನು," ಎಂದಿದ್ದಳು. ಆದರೆ ಪ್ರಿಯಾಂಕಾ ಅಂದು ಔಷಧಿ ಎಂದಾಗ ಅವನು ತಲೆ ತಗ್ಗಿಸಿದ್ದು ಅವಳಿಗೆ ಗೊತ್ತಾಗಿರಲಾರದು. ಕೆಚ್ಚಲು ಬಾವು ಬಂದಾಗ ಮೆಡಿಕಲ್ ಸ್ಟೋರಿನಿಂದ ಟ್ಯೂಬು ತಂದು ಮೊಲೆತೊಟ್ಟಿನೊಳಕ್ಕೆ ಒತ್ತುವವನು ಅವನೇ. ಡಾಕ್ಟರ ಕೈಗೆ ಕೊಡುವ ದುಡ್ಡು ಯಾಕೆ ದಂಡ, ನಮ್ಮ ಹುಡುಗನ ಕೈ ಹಗುರ ಎನ್ನುತ್ತಿದ್ದ ಮಾವ. ಹೊಗಳಿಕೆಯೆಂದು ಅವನು ಹಿಗ್ಗಿದ್ದೂ ಉಂಟು. ಟ್ಯೂಬಿನ ಮೇಲೆ ಹಾಲು ಇಂತಿಷ್ಟು ದಿನ ಉಪಯೋಗಿಸಬಾರದು ಎಂದು ಬರೆದಿರುತ್ತದೆ. ಮಾವ ಅದನ್ನು ಓದಿಸಿ ಕೇಳಿ, "ಅವೆಲ್ಲ ಕಂಪ್ನಿಯೋರು ಬರ್ಕೊಳ್ಳೋದು. ಕ್ಯಾನಿಗೆ ಸುರೀರಿ. ಇಷ್ಟು ಹಾಲಲ್ಲಿ ಅದೆಷ್ಟು?" ಎಂದಿದ್ದ. ಈಗಲೂ ಕರಿಮೂತಿ ಎಂಬ ಹಸುವಿಗೆ ಬಾವು. ಪ್ರತಿ ಬೆಳಿಗ್ಗೆ ಪ್ರಿಯಾಂಕಾಳ ಕ್ಯಾನಿನ ಮುಚ್ಚಳ ಬಿಗಿಯುವ ಟಪ್ ಎಂಬ ಸದ್ದಿಗೆ ಅವನು, ಆ ಹಾಲೂ ಇದರಲ್ಲಿದೆ ಎಂದುಕೊಂಡು, ಅತ್ತ ತಿರುಗಿಬಿಡುತ್ತಿದ್ದ. ಅವಳಿಗೊಂದು ಮಗಳಿದೆ, ಲೋಟ ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತದೆ ಎಂದು ಅವಳೇ ಒಮ್ಮೆ ನಗುತ್ತ ಹೇಳಿದ್ದಳು. ಸೊಪ್ಪಿನಲ್ಲಿ ಔಷಧಿ ಬರದಿರಲಿ ಎಂದು ಇದ್ದಿಲು ಹುಡುಕಿಕೊಂಡು ಬಂದವಳ ಕೈಯಲ್ಲಿ ಅದೇ ಔಷಧಿಯ ಹಾಲಿನ ಕ್ಯಾನು ತೂಗುತ್ತಿದೆ. ಮುನಿಕೃಷ್ಣನಿಗೆ ಅವಳ ಮುಖ ನೋಡಲಾಗುತ್ತಿರಲಿಲ್ಲ. ಅವಳ ಚಪ್ಪಲಿಯ ಜೊತೆ ಮಾತಾಡುತ್ತಿದ್ದ.

ಗುಡ್ಡೆ ಯಾಕೆ ಕಾಯುತ್ತಿಲ್ಲ? ಅವನು ಮಾಡದೇ ಬಿಟ್ಟದ್ದೇನು? ತೇವ ನೋಡಿದ್ದ: ಹಿಡಿಯಲ್ಲಿ ಹಿಂಡಿದರೆ ಎರಡು ಹನಿ ಬರಬೇಕು, ಅಷ್ಟೇ ಬಂದಿತ್ತು. ಗಾಳಿಯಾಡಲಿ ಎಂದು ಜೋಳದ ದಂಟು ಹಾಸಿದ್ದ. ಮೊದಲೆರಡು ದಿನ ಎರಡೂ ಗುಡ್ಡೆ ಬೆಚ್ಚಗಾದವು. ಆಮೇಲೆ ಯಾರೋ ತಣ್ಣೀರು ಎರಚಿ ಆರಿಸಿದಂತೆ ಸುಮ್ಮನಾದವು. ಫ್ಲೆಕ್ಸು ಎತ್ತಿದರೆ ಮೇಲ್ಭಾಗ ದಿನವೂ ಒದ್ದೆ, ಬಿಳಿ ಬಿಳಿ ಹೆಪ್ಪು. ಅಂಗಳದ ಪಕ್ಕ ಬಾಡಿಗೆಗಿರುವ ಶೀಟು ಮನೆಗಳವರ ಮಕ್ಕಳು ಬಂದು ಉಚ್ಚೆ ಹೊಯ್ಯುತ್ತಾರೆಂದು ಅನುಮಾನಪಟ್ಟು ಸುಮ್ಮಸುಮ್ಮನೆ ಇಬ್ಬರನ್ನು ಗದರಿದ್ದ. ಮಾವನೇ ಮಾಡಿಸುತ್ತಿದ್ದಾನೆ, ಜೆಸಿಬಿಗೆ ದಾರಿ ಮಾಡಿಕೊಳ್ಳಲು ನೀರು ಬಿಡಿಸುತ್ತಿದ್ದಾನೆ ಎಂದು ಹಲ್ಲು ಕಡಿದಿದ್ದ. ಆ ಮಧ್ಯಾಹ್ನ ಅವ್ವ ಹಾಲು ಕರೆಯುವ ಹೊತ್ತಿಗೆ, ನಲ್ಲಪ್ಪ ಬೂಸಾ ತರಲು ಟೆಂಪೋದಲ್ಲಿ ಹೋದದ್ದನ್ನು ನೋಡಿಕೊಂಡು, ಮುನಿಕೃಷ್ಣ ಮೇವಿನ ಮೆದೆಯ ಹಿಂದೆ ಕೂತ. ಮೇಲೆ ಮೆಟ್ರೋ ರೈಲು ತನ್ನ ಕೊನೆಯ ಸ್ಟೇಷನ್ನಿಗೆ ಬಂದು ಜನರನ್ನೆಲ್ಲ ಚೆಲ್ಲಿ, ಖಾಲಿ ಹೊಟ್ಟೆಯಲ್ಲಿ ಮುಂದಕ್ಕೆ ತೆವಳಿ ಹೋಯಿತು. ಮೆದೆಯ ಹುಲ್ಲು ಕತ್ತಿಗೆ ಚುಚ್ಚುತ್ತಿತ್ತು. ಇವತ್ತು ಸಿಕ್ಕರೆ ಮಾವನಾದರೂ ಸರಿ, ಯಾರಾದರೂ ಸರಿ, ಸರಳಿನಲ್ಲೇ ಬಾರಿಸುತ್ತೇನೆ ಎಂದು ಅದನ್ನು ಕೈಯಲ್ಲೇ ಹಿಡಿದು ಕಾದ.

ಬಂದವಳು ಅವನ ತಾಯಿ.

ಸೊಣ್ಣಮ್ಮ ಸೆರಗಿನಡಿಯಲ್ಲಿ ಒಂದು ಅಲ್ಯೂಮಿನಿಯಂ ತಂಬಿಗೆ ಹಿಡಿದಿದ್ದಳು. ಅತ್ತಿತ್ತ ನೋಡಿದಳು. ಚಪ್ಪಲಿ ದೂರ ಬಿಟ್ಟಳು. ಎಡಗಡೆಯ ಗುಡ್ಡೆಯ ಫ್ಲೆಕ್ಸಿನ ಮೂಲೆ ಎತ್ತಿ, ತಂಬಿಗೆ ಬಗ್ಗಿಸಿ, ಬಿಳಿಯದನ್ನು ಸಣ್ಣಗೆ ಧಾರೆಯಾಗಿ ಹೊಯ್ದಳು. ದೇವರಿಗೆ ಹೊಯ್ಯುವ ಹಾಗೆ, ಅವಸರವಿಲ್ಲದೆ. ಅರ್ಧಕ್ಕೆ ನಿಲ್ಲಿಸಿ ಬಲಗಡೆಯದಕ್ಕೂ ಹಾಗೇ ಹೊಯ್ದಳು. ಕೊನೆಗೆ ಬೆರಳು ಕಣ್ಣಿಗೆ ಒತ್ತಿಕೊಂಡು ಏನೋ ಗೊಣಗಿದಳು.

"ಏನೇ ಮಾಡ್ತಾ ಇದೀಯ ನೀನು, ದಡ್ ಮುಂಡೇದೇ!"

ಆ ದನಿ ಅವನ ಗಂಟಲಿನಿಂದ ಬಂದದ್ದಾದರೂ ಅವನದಾಗಿರಲಿಲ್ಲ. ಶೀಟು ಮನೆಗಳ ಬಾಗಿಲಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಗಸರು ತಲೆ ಎತ್ತಿದರು. ಒಬ್ಬಳು ಇನ್ನೊಬ್ಬಳ ಭುಜ ಮುಟ್ಟಿ ತೋರಿಸಿದಳು. ಸೊಣ್ಣಮ್ಮ ತಂಬಿಗೆಯನ್ನು ಎದೆಗೆ ಒತ್ತಿಕೊಂಡು, ಹೊಡೆತಕ್ಕೆ ಕಾಯುವವಳ ಹಾಗೆ ಒಂದು ಭುಜ ಮುಂದಕ್ಕೆ ಮಾಡಿ ನಿಂತಳು. ಆ ಭುಜ! ಬೆಳಿಗ್ಗೆ ಸರಳನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಬಿಟ್ಟಾಗ ತನ್ನ ಭುಜವೂ ಹೀಗೇ ಮುಂದಕ್ಕೆ ಬಂದಿರಬೇಕು. ನಲ್ಲಪ್ಪನ ಗಂಟಲು ತನಗೆ ಯಾವಾಗ ಬಂತು? ಒಂದೇ ಅಂಗಳದ ಗಾಳಿ, ಒಂದೇ ಬೋರ್‌ವೆಲ್ಲಿನ ನೀರು ಕುಡಿದು ಕುಡಿದು ಬಂದುಬಿಟ್ಟಿತೇ? ಅವನ ಕೈಯಲ್ಲಿದ್ದ ಸರಳು ನೆಲಕ್ಕೆ ಬಿತ್ತು.

"ಕರಿಮೂತಿ ಆಲು ಕಣಪ್ಪಾ," ಎಂದಳು ಮೆಲ್ಲಗೆ. "ಔಸ್ದಿ ಆಲು."

"ಕ್ಯಾನಿಗೆ ಹೋಗ್ತಿಲ್ವಾ ಅದು?"

"ಅಯ್ಯೋ, ಕ್ಯಾನಿಗೆಂಗೆ ಉಯ್ಲಿ? ಆ ಎಣ್ಮಕ್ಳು ಕೂಸುಗಳಿಗೆ ಕುಡುಸ್ತವ್ರೆ. ನಿಮ್ಮಾವ ಉಯ್ಯಿ ಅಂತಾನೆ. ನಾನು ಒಂದ್ ದಪಾನೂ ಉಯ್ದಿಲ್ಲ. ಮೊಲೆ ಬತ್ತೋಯ್ತು ಕಣಣ್ಣಾ, ಒಂದ್ ತೊಟ್ಟೂ ಬರ್ತಿಲ್ಲ ಅಂತ ಅವ್ನ್ಗೆ ಏಳಿವ್ನಿ."

"ಯಾವಾಗಿಂದ?"

"ಯಾವಾಗಿಂದ ಅಂದ್ರೆ? ಯಾವಾಗ್ಲೂವೆ. ನೀನು ಟ್ಯೂಬು ಒತ್ತಿದಾಗೆಲ್ಲ."

ಮುನಿಕೃಷ್ಣ ಕುಕ್ಕರಗಾಲಲ್ಲಿ ಕೂತುಬಿಟ್ಟ. ಯಾವಾಗಲೂ. ಅಂದರೆ ಕ್ಯಾನಿನಲ್ಲಿ ಇರಲಿಲ್ಲ. ಎರಡು ಕೈಯಲ್ಲಿ ಹಿಡಿದ ಆ ಲೋಟದಲ್ಲಿ ಇರಲಿಲ್ಲ. ಟಪ್ ಎಂದು ಮುಚ್ಚಳ ಬಿಗಿದಾಗೆಲ್ಲ ಅವನು ಹೊತ್ತುಕೊಂಡದ್ದೆಲ್ಲ ಸುಳ್ಳು ಭಾರ. ತಾನು ತಲೆ ತಗ್ಗಿಸಿ ಚಪ್ಪಲಿ ನೋಡುತ್ತಿದ್ದಷ್ಟೂ ದಿನ ಈ ಹೆಂಗಸು, ಅಣ್ಣನ ಕೊಟ್ಟಿಗೆಯ ಪಕ್ಕದ ಒಂದು ಕೋಣೆಯಲ್ಲಿ ಅವನು ಇಟ್ಟ ಹಾಗೆ ಇರುವವಳು, ಯಾರಿಗೂ ಹೇಳದೆ, ತನಗೂ ಹೇಳದೆ, ಸೆರಗಿನಡಿಯಲ್ಲಿ ಅದನ್ನು ಹೊರಗೆ ಸಾಗಿಸುತ್ತಿದ್ದಳು. ಹೇಳದೆ ಯಾಕಿದ್ದಳು ಎಂದು ಕೇಳಬೇಕೆಂದುಕೊಂಡವನು ಕೇಳಲಿಲ್ಲ. ಟ್ಯೂಬಿನ ಮೇಲಿನ ಬರಹವನ್ನು ಮಾವನಿಗೆ ಓದಿ ಹೇಳಿ ಸುಮ್ಮನಾದವನು ತಾನು. ಓದಲು ಬಾರದವಳು ಸುಮ್ಮನಾಗಿರಲಿಲ್ಲ. ನಗು ಬಂತು, ಅಳು ಬಂತು, ಎರಡನ್ನೂ ತಳ್ಳಿಕೊಂಡು ಸಿಟ್ಟು ಬಂತು.

"ಸರಿ, ಚರಂಡಿಗೆ ಸುರೀಬೇಕಾಗಿತ್ತು! ನನ್ ಗುಡ್ಡೇನೇ ಬೇಕಾಗಿತ್ತಾ? ಸಗಣಿ ಕೊಳೆಸೋ ಹುಳಾನೆಲ್ಲ ಸಾಯಿಸಿಬಿಟ್ಟೆ, ಔಷಧಿ ಅದು, ಗೊತ್ತಾಗಲ್ವಾ ನಿಂಗೆ?"

"ಚರಂಡಿಗಾ?" ಸೊಣ್ಣಮ್ಮ ಈಗ ನಿಜವಾಗಿ ಬೆಚ್ಚಿದಳು. "ಆಲ್ನ ಚರಂಡಿಗೆ ಉಯ್ಯಕಾಯ್ತದಾ? ದಾರೀಲಿ ಉಯ್ದ್ರೆ ಯಾರಾರಾ ತುಳೀತಾರೆ. ಆಲು ತುಳಿದ್ರೆ ಅಸೂಗೆ ಕೆಚ್ಚಲು ಒಡೀತದೆ. ಮೊದ್ಲು ನಾಗರ ಉತ್ತಕ್ಕೆ ಉಯ್ತಿದ್ವಿ. ಉತ್ತದ್ ಮೇಲೆ ಇವ್ರು ಬಿಲ್ಡಿಂಗ್ ಕಟ್ಟವ್ರೆ. ಇನ್ನೆಲ್ಲೈತೆ ತುಳೀದಿರೋ ಜಾಗ? ತಿಪ್ಪೆ ಒಂದೇ ಕಣಪ್ಪಾ."

ತುಳಿಯದ ಜಾಗ. ಅವನು ಸುತ್ತ ನೋಡಿದ. ಗೇಟಿನಿಂದ ಕೊಟ್ಟಿಗೆಯವರೆಗೆ ಸಿಮೆಂಟು, ಅದರ ಮೇಲೆ ಬೈಕುಗಳ ಎಣ್ಣೆ. ಶೀಟು ಮನೆಗಳ ನಡುವೆ ಒಬ್ಬರೇ ನಡೆಯಬಹುದಾದ ಸಂದು, ಅಲ್ಲಿ ಮೂರು ರಾಜ್ಯದ ಚಪ್ಪಲಿಗಳು. ಆಚೆ ರಸ್ತೆ, ರಸ್ತೆಯ ಮೇಲೆ ರೈಲು. ಹೌದು, ಈ ಕಾಡುಗೋಡಿಯಲ್ಲಿ ಯಾರ ಕಾಲೂ ಬೀಳದ ಜಾಗ ಉಳಿದಿದ್ದರೆ ಅದು ಅವನ ಈ ಎರಡು ಗುಡ್ಡೆಗಳು ಮಾತ್ರ. ಈ ಹೆಂಗಸಿನ ಕಣ್ಣಿನಲ್ಲಿ ಅವನ ಸಗಣಿ ಗುಡ್ಡೆ ದೇವಸ್ಥಾನದಷ್ಟು ಶುದ್ಧ. ಇದಕ್ಕೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ಅಷ್ಟರಲ್ಲಿ ಅವನ ತಲೆಯೊಳಗೆ ಏನೋ ಛಟ್ಟೆಂದಿತು.

"ಅವ್ವ. ಎರಡಕ್ಕೂ ಹುಯ್ತಿದ್ಯಾ? ದಿನಾನೂ?"

"ಊ. ಒಂದ್ಕೇ ಉಯ್ದ್ರೆ ತುಂಬೋಯ್ತದೆ ಅಂತ, ಅತ್ಲಾಗೊಸಿ ಇತ್ಲಾಗೊಸಿ."

"ಸಮ ಸಮ?"

"ಸಮವಾಗೇಯ. ನಿನ್ ಗುಡ್ಡೆ ಅಲ್ವಾ ಎಲ್ಡೂವೆ, ಒಂದ್ಕೆ ಯಾಕ್ ಕಮ್ಮಿ ಮಾಡ್ಲಿ?"

ಅವನು ಎದ್ದು ನಿಂತ. ಸಮ ಸಮ! ಎರಡಕ್ಕೂ ಒಂದೇ ಹಸುವಿನ, ಒಂದೇ ಟ್ಯೂಬಿನ, ಒಂದೇ ತಂಬಿಗೆಯ ಹಾಲು. ಎರಡೂ ಒಂದೇ ವಿಷ ಕುಡಿದಿವೆ. ಒಂದರ ಹೊಟ್ಟೆಯಲ್ಲಿ ಇದ್ದಿಲಿದೆ, ಇನ್ನೊಂದರಲ್ಲಿ ಇಲ್ಲ. ತಾನಾಗಿಯೇ ಯೋಚಿಸಿದ್ದರೆ ಇಂಥದನ್ನು ಮಾಡಲು ಅವನಿಗೆ ಎಂದೂ ಹೊಳೆಯುತ್ತಿರಲಿಲ್ಲ. ಗುಡ್ಡೆ ಸತ್ತಿಲ್ಲ, ಪರೀಕ್ಷೆ ಈಗ ಶುರುವಾಗಿದೆ! ಅವನು ಬೇಲಿಯ ಮೂಲೆಗೆ ಓಡಿ, ನುಗ್ಗೆ ಮರದ ಬುಡದಲ್ಲಿ ಹಾರೆ ಹಾಕಿ ಮೊಣಕಾಲುದ್ದ ಗುಣಿ ತೋಡಿ, ಸುತ್ತ ಕಲ್ಲಿಟ್ಟು, "ಇನ್ಮೇಲೆ ಇಲ್ಲಿಗೆ ಹುಯ್ಯವ್ವ, ಯಾರೂ ತುಳಿಯಲ್ಲ, ನನ್ನಾಣೆ," ಎಂದ. ತಾಯಿಯ ಮುಖ ನೋಡದೆ, "ಬೈದ್ನಲ್ಲ, ಅದು..." ಎಂದು ಶುರು ಮಾಡಿದ. ಸೊಣ್ಣಮ್ಮ ತಂಬಿಗೆ ತೊಳೆಯಲು ಆಗಲೇ ಹೊರಟಿದ್ದಳು. ಆ ಮಾತು ಅರ್ಧಕ್ಕೇ ನಿಂತಿತು, ಮುಂದೆಯೂ ಅದು ಪೂರ್ತಿಯಾಗಲಿಲ್ಲ.

ಫ್ಲೆಕ್ಸು ತೆಗೆದಿಟ್ಟು ಎರಡೂ ಗುಡ್ಡೆಗಳನ್ನು ಬುಡಮೇಲು ಮಾಡಿದ. ಎಡಗಡೆಯದನ್ನು ಬಗೆದಾಗ ಸನಿಕೆ ಪಿಚಕ್ಕೆಂದು ಅಂಟಿಕೊಂಡು, ಕೊಳೆತ ಮೊಟ್ಟೆಯ ನಾತ ಎದ್ದು, ಪಾತ್ರೆ ತೊಳೆಯುತ್ತಿದ್ದವರು ಬಾಗಿಲು ಹಾಕಿಕೊಂಡರು. ಬಲಗಡೆಯದು ಭಾರವಾಗಿತ್ತು, ಒದ್ದೆಯಾಗಿತ್ತು, ಆದರೆ ಸನಿಕೆಯಿಂದ ಉದುರಿತು! ಒಂದು ಹಿಡಿ ಮೂಗಿಗೆ ಹಿಡಿದ. ನಾತವಲ್ಲ. ಮೊದಲ ಹನಿಗೆ ನೆಲ ಬಿಡುವ ಉಸಿರಿನ ಹತ್ತಿರದ ಏನೋ. ಇದ್ದಿಲಿನ ಚೂರೊಂದನ್ನು ಆರಿಸಿ ಉಗುರಿನಲ್ಲಿ ಸೀಳಿದ; ಒಳಗೆ ಕಪ್ಪು, ಬರೀ ಕಪ್ಪು, ಏನೂ ಕಾಣದು. ಔಷಧಿಯನ್ನು ಹಿಡಿದುಕೊಂಡಿದೆಯೋ, ಹಾಲಿನ ನೀರನ್ನಷ್ಟೇ ಹಿಡಿದುಕೊಂಡಿದೆಯೋ, ಅವನಿಗೆ ತಿಳಿಯುವ ದಾರಿಯೇ ಇರಲಿಲ್ಲ. ಆದರೂ ಆ ಚೂರನ್ನು ಅಂಗೈ ಮೇಲೆ ಇಟ್ಟುಕೊಂಡು, ಹೇಳು, ಏನು ನುಂಗಿದ್ದೀಯ ಹೇಳು ಎಂದು ನಿಂತೇ ಇದ್ದ. ನೀನೂ ಹೇಳುವುದಿಲ್ಲ, ಅವ್ವನೂ ಹೇಳುವುದಿಲ್ಲ. ಬೆನ್ನು ಮುರಿಯುವಂತೆ ಎತ್ತಿ ಎತ್ತಿ ಹಾಕಿದ, ಎರಡಕ್ಕೂ ಅದೇ ಸನಿಕೆ, ಎರಡಕ್ಕೂ ಅಷ್ಟೇ ದಂಟು, ಎಡಗಡೆಯದಕ್ಕೆ ಸ್ವಲ್ಪವೂ ಮೋಸವಾಗದ ಹಾಗೆ. ಅವ್ವ ಸಮ ಮಾಡಿದ್ದನ್ನು ತಾನು ಕೆಡಿಸಬಾರದು.

ಶನಿವಾರ ಬೆಳಗಾಗುವ ಹೊತ್ತಿಗೆ ಬಲಗಡೆಯ ಗುಡ್ಡೆಗೆ ಜ್ವರ ಬಂತು. ಸರಳು ಎಳೆದವನು ಹಾ ಎಂದು ಕೈ ಕೊಡವಿದ. ಮತ್ತೆ ಹಿಡಿದ. ಕೆನ್ನೆಗೆ ಒತ್ತಿದ, ಚುರುಕ್ಕೆಂದಿತು, ಆದರೂ ಒತ್ತಿದ. ಫ್ಲೆಕ್ಸು ಎತ್ತಿದರೆ ಹಬೆ! ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ ಮುಖಕ್ಕೆ ಗಪ್ಪೆಂದು ಹಬೆ. ಮೊಣಕೈವರೆಗೆ ತೋಳು ತೂರಿಸಿದ. ಒಳಗೆ ಯಾವುದೋ ದೊಡ್ಡ ಪ್ರಾಣಿ ಮಲಗಿ ಉಸಿರಾಡುತ್ತಿತ್ತು. ಎಡಗಡೆಯದಕ್ಕೆ ತೋಳು ತೂರಿಸಿದ. ಸತ್ತ ಮೀನಿನ ಹೊಟ್ಟೆ. ಬಲಗಡೆ, ಎಡಗಡೆ, ಮತ್ತೆ ಬಲಗಡೆ. ಕರಿಮೂತಿಯ ಕೊರಳು ತಬ್ಬಿಕೊಂಡ. ಅದು ಬಾಲ ಬೀಸಿ ಮುಖಕ್ಕೆ ಹೊಡೆಯಿತು. ಜೀವವಿದೆ ಗುರು, ಜೀವವಿದೆ! ಕೋಟಿ ಕೋಟಿ ಹುಳ, ಕಣ್ಣಿಗೆ ಕಾಣದವು, ವಿಷ ಕುಡಿದ ಮೇಲೂ ಎದ್ದು ಕೂತು ಕೆಲಸಕ್ಕೆ ಹತ್ತಿವೆ. ಯಾರಿಗಾದರೂ ಹೇಳಬೇಕು, ಈಗಲೇ, ಈ ಕ್ಷಣವೇ, ಇಲ್ಲದಿದ್ದರೆ ಎದೆ ಒಡೆಯುತ್ತದೆ. ಬರಿಗಾಲಲ್ಲಿ ರಸ್ತೆಗೆ ಓಡಿದ. ಕಂಪನಿಗಳ ಬಸ್ಸುಗಳು ಹಾದು ಹೋದವು, ಕಿಟಕಿಗಳಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡ ನಿದ್ದೆಗಣ್ಣಿನ ಮುಖಗಳು, ಎಲ್ಲರಿಗೂ ಕೈ ಬೀಸಿದ. ಒಬ್ಬಳು ಮರಳಿ ಕೈ ಬೀಸಿದಳು! ಒಳಕ್ಕೆ ಬಂದು, "ಅವ್ವ, ಬಾ ಇಲ್ಲಿ, ಕೈ ಕೊಡು," ಎಂದು ಸೊಣ್ಣಮ್ಮನ ಕೈಯನ್ನು ಹಿಡಿದು ಗುಡ್ಡೆಯೊಳಕ್ಕೆ ಒತ್ತಿದ. ಸಗಣಿಯಲ್ಲೇ ಮುಳುಗಿದ್ದ ಆ ಕೈ ಥಟ್ಟನೆ ಹಿಂದಕ್ಕೆ ಬಂತು. "ಅಪ್ಪಪ್ಪಾ! ಒಲೆ ಆದಂಗೈತಲ್ಲೋ!" ಎಂದು ಅವಳು ನಕ್ಕಳು.

ಭಾನುವಾರ ಎಲ್ಲರೂ ಇದ್ದರು. ಹಾಲಿನವರು, ಪಿಳ್ಳಮ್ಮ, ಗೇಟಿನ ಬಳಿ ಜೆಸಿಬಿಯ ಮೇಲೆ ಕಾಲು ಚಾಚಿ ಕೂತ ನರಸಪ್ಪ, ಪ್ರಿಯಾಂಕಾ, ಅವಳ ಜೊತೆ ಟೆರೇಸ್ ಗಾರ್ಡನ್ನಿನ ಇಬ್ಬರು. ಮುನಿಕೃಷ್ಣ ಫ್ಲೆಕ್ಸು ಎತ್ತಿದ. ಹಬೆಗೆ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಪ್ರಿಯಾಂಕಾ ಮಾತ್ರ ಮುಂದೆ ಬಂದು, ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಬರಿಗೈಯನ್ನೇ ಒಳಗಿಟ್ಟು, "ಅಬ್ಬಾ!" ಎಂದಳು. ತಿರುಗಿ ಅವನ ಮುಖ ನೋಡಿದಳು. ಅವನು ಮೊದಲ ಸಲ ಅವಳ ಮುಖವನ್ನು ನೆಟ್ಟಗೆ ನೋಡಿದ. ಬಲಗೆನ್ನೆಯಲ್ಲಿ ಸಣ್ಣದೊಂದು ಮಚ್ಚೆ ಇತ್ತು, ಇಷ್ಟು ದಿನ ಅದು ಅವನಿಗೆ ಗೊತ್ತಿರಲಿಲ್ಲ. "ಮುನಿ, ಸಕ್ಕತ್ ಆಗಿದೆ ಇದು! ವಾಸನೇನೂ ಇಲ್ಲ!" ಪಿಳ್ಳಮ್ಮ ತಾನೂ ಬೆರಳಿಟ್ಟು, "ಮುದ್ದೆ ಬೇಯುಸ್ಬೋದು ಕಣ್ರೇ," ಎಂದಳು. ನಲ್ಲಪ್ಪ ಬಂದು ಕೈಯಿಟ್ಟ. ಏನೂ ಹೇಳಲಿಲ್ಲ. ಆ ಹೇಳದ ಗಳಿಗೆಯನ್ನು ಮುನಿಕೃಷ್ಣ ಬಾಯಲ್ಲಿಟ್ಟ ಬೆಲ್ಲದ ಹಾಗೆ ಕರಗಿಸಿಕೊಂಡ.

ಪ್ರಿಯಾಂಕಾ ಎಡಗಡೆಯದಕ್ಕೂ ಕೈಯಿಟ್ಟಳು. ಹುಬ್ಬು ಗಂಟಾಯಿತು. "ಇದು ಪೂರ್ತಿ ಕೋಲ್ಡ್ ಇದೆಯಲ್ಲ. ಸಗಣಿ ಒಂದೇ ತಾನೇ? ಇದ್ದಿಲು ಇಲ್ದಿದ್ರೂ ಬರೀ ಸಗಣಿ ಬಿಸಿ ಆಗ್ಬೇಕು ಮುನಿ. ಇಷ್ಟು ಸತ್ತು ಹೋಗ್ಬೇಕು ಅಂದ್ರೆ ಇದಕ್ಕೆ ಏನೋ ಬಿದ್ದಿದೆ. ಏನದು?"

ಅದೇ ಪ್ರಶ್ನೆ. ಸರಿಯಾದ ಪ್ರಶ್ನೆ! ಈ ಜಗತ್ತಿನಲ್ಲಿ ಯಾರಾದರೂ ಕೇಳಬೇಕು ಎಂದು ಎರಡು ದಿನದಿಂದ ಅವನು ಕಾದಿದ್ದ ಪ್ರಶ್ನೆ. ಉತ್ತರ ನಾಲಿಗೆಯ ತುದಿಗೆ ಓಡಿ ಬಂತು: ಎರಡೂ ಔಷಧಿ ಹಾಲು ಕುಡಿದಿವೆ ಮೇಡಂ, ಸಮ ಸಮ, ಇದು ಸತ್ತಿತು, ಅದು ಬದುಕಿತು. ಒಂದು ಮಾತು ಸಾಕು. ಅವನ ಕಣ್ಣು ಅವಳ ಭುಜದಾಚೆ ಹೋಯಿತು. ಕೊಟ್ಟಿಗೆಯ ಬಾಗಿಲಲ್ಲಿ ಸೊಣ್ಣಮ್ಮ ನಿಂತಿದ್ದಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ. ಔಷಧಿ ಹಾಲು ತಿಪ್ಪೆಗೆ ಬಂತು ಎಂದರೆ, ಬತ್ತಿದೆ ಎಂದ ಕೆಚ್ಚಲು ಬತ್ತಿರಲಿಲ್ಲ ಎಂದಾಗುತ್ತದೆ. ನಲ್ಲಪ್ಪನಿಗೆ ಅಷ್ಟು ಲೆಕ್ಕ ಬರುತ್ತದೆ. ಅಷ್ಟೇ ಅಲ್ಲ, ನಾಳೆಯಿಂದ ಅವನೇ ಕೂತು ಕರೆಸುತ್ತಾನೆ, ಅವನೇ ಕ್ಯಾನಿಗೆ ಸುರಿಯುತ್ತಾನೆ.

"ಯಾಕ್ಲಾ, ಬಾಯಿಗೆ ಏನ್ ಸಿಗಾಕ್ಕೊಂತು?" ನಲ್ಲಪ್ಪನಿಗೆ ದನಿ ಮರಳಿ ಬಂದಿತ್ತು. "ನಾನ್ ಹೇಳ್ತೀನಿ ಕೇಳಿ ಮೇಡಂ. ಇವ್ನೇ ಒಂದಕ್ಕೆ ಕದ್ದು ನೀರು ಬಿಟ್ಟವ್ನೆ. ಅದು ತಣ್ಣಗಿದ್ರೆ ತಾನೇ ಇದು ಬಿಸಿ ಅಂತ ತೋರ್ಸಕ್ಕಾಗೋದು? ಇಷ್ಟೇ ಇವ್ನ ಸೈನ್ಸು. ಮೋಸ, ಬರೀ ಮೋಸ!"

"ಥೂ, ಅಂಗ್ ಮಾಡ್ದೇನೋ ಮುನೀ?" ಎಂದಳು ಪಿಳ್ಳಮ್ಮ. ನರಸಪ್ಪ ಜೆಸಿಬಿಯ ಮೇಲಿಂದಲೇ ನಕ್ಕ.

"ಅಂಕಲ್, ಒಂದ್ನಿಮಿಷ," ಎಂದಳು ಪ್ರಿಯಾಂಕಾ. "ಮುನಿ, ನೀವು ಹೇಳಿ. ನೀವು ಏನ್ ಹೇಳಿದ್ರೂ ನಾನು ನಂಬ್ತೀನಿ."

ಮಳೆ ನೀರು ನುಗ್ಗಿತ್ತು ಎನ್ನಬಹುದಿತ್ತು. ನಂಬುತ್ತಿದ್ದಳು. ನಂಬಿ, ಗೊಬ್ಬರವನ್ನು ಚೀಲಕ್ಕೆ ತುಂಬಿಸಿ, ಟೆರೇಸಿಗೆ ಹೊತ್ತು ಕುಂಡಗಳಿಗೆ ಹಾಕುತ್ತಿದ್ದಳು. ಎಷ್ಟೋ ಬೆಳಿಗ್ಗೆಗಳಿಂದ ಅವಳ ಮುಖ ನೋಡಲಾಗದೆ ಇದ್ದವನಿಗೆ ಇವತ್ತು ಮುಖ ಸಿಕ್ಕಿದೆ, ಮಚ್ಚೆಯ ಸಮೇತ; ಆ ಮುಖಕ್ಕೆ ಸುಳ್ಳು ಹೇಳಿ ಮತ್ತೆ ಚಪ್ಪಲಿಗೆ ಇಳಿಯಲು ಅವನಿಂದಾಗದು. ಅವನು ಅವಳನ್ನೇ ನೋಡುತ್ತ ನಿಂತ. ಅವಳ ಕಣ್ಣಿನೊಳಗಿನ ಬೆಳಕು ನಿಧಾನವಾಗಿ ಹಿಂದಕ್ಕೆ ಸರಿಯುವುದು ಕಾಣಿಸಿತು. "ಹೇಳಲ್ವಾ?" ಎಂದಳು. ಜೊತೆಯವರ ಕಡೆ ತಿರುಗಿ, "ಏನಿದೆ ಅಂತಾನೇ ಗೊತ್ತಿಲ್ದೆ ನಾವು ಹೇಗೆ ತಗೊಳೋದು?" ಎಂದಳು.

ಬಾಗಿಲಲ್ಲಿ ಸೊಣ್ಣಮ್ಮ ಸೆರಗು ಬಿಟ್ಟಳು. ಒಂದು ಹೆಜ್ಜೆ ಅಂಗಳಕ್ಕೆ ಇಟ್ಟಳು. "ಅಣ್ಣಾ, ಅದು ಅವ್ನಲ್ಲ, ಅದು..."

ಮುನಿಕೃಷ್ಣ ಹೊರಟ. ಅವಳ ಮಾತು ಯಾರ ಕಿವಿಗೂ ಬೀಳುವ ಮುಂಚೆ, ಜನರ ನಡುವೆ ಭುಜ ತೂರಿಸಿಕೊಂಡು, ಬೇಕೆಂದೇ ನಲ್ಲಪ್ಪನ ಮೈಗೆ ತಾಗಿಕೊಂಡೇ ಹೊರಟ. "ನೋಡ್ರೋ, ನೋಡ್ರೋ ಕಳ್ಳ ನನ್ಮಗ ಹೋಗ್ತಾವ್ನೆ! ನಿಂತ್ಕೊಳ್ಳಲಾ! ಉತ್ತರ ಹೇಳೋಗ್ಲಾ!" ಎಂದು ನಲ್ಲಪ್ಪ ಬೊಬ್ಬೆ ಹೊಡೆದ. ಎಲ್ಲ ಮುಖಗಳೂ, ಪ್ರಿಯಾಂಕಾಳದೂ, ಅವನ ಬೆನ್ನಿನ ಕಡೆ ತಿರುಗಿದವು. ಆ ಗದ್ದಲದಲ್ಲಿ ಸೊಣ್ಣಮ್ಮನ ದನಿ ಯಾರಿಗೂ ಕೇಳಿಸಲಿಲ್ಲ. ಜೆಸಿಬಿ ಸ್ಟಾರ್ಟ್ ಆಗಿ ಗುಡ್ಡೆಗಳ ಕಡೆ ತಿರುಗಿತು. ಗೇಟು ದಾಟುವಾಗ ಅವನ ಅಂಗೈ ಇನ್ನೂ ಚುರುಗುಟ್ಟುತ್ತಿತ್ತು, ಹೆಜ್ಜೆ ತಾನಾಗಿಯೇ ಬಿರುಸಾಗಿತ್ತು. ಅವಮಾನಕ್ಕೋ ಖುಷಿಗೋ ಎಂದು ಕೇಳಿಕೊಳ್ಳುವ ಪುರುಸೊತ್ತಿಲ್ಲದೆ, ಕರಟ ಎಲ್ಲೆಲ್ಲಿ ಸಿಗುತ್ತದೆ, ಡ್ರಮ್ಮು ಎಲ್ಲಿಡಬಹುದು, ತುಳಿಯದ ಜಾಗ ಇನ್ನೆಲ್ಲಿದೆ ಎಂದು ಜೋರುಜೋರಾಗಿ ಯೋಚಿಸುತ್ತ, ಹಿಂದಿನಿಂದ ಯಾರೋ ಹೆಸರು ಹಿಡಿದು ಕರೆದರೂ ತಿರುಗದೆ, ಮುನಿಕೃಷ್ಣ ರಸ್ತೆಗಿಳಿದು ನಡೆದ.